ಗೇಟಿನ ಬಳಿಯ ಕುರ್ಚಿ

ರಾಜಕೀಯದವರಿಗೆಲ್ಲ ಕುರ್ಚಿಯ ಹುಚ್ಚು ಎನ್ನುತ್ತಾರೆ. ನನ್ನ ಗಂಡನಿಗೂ ಇತ್ತು. ವ್ಯತ್ಯಾಸ ಇಷ್ಟೇ, ಇವರು ಕುರ್ಚಿಗಳನ್ನು ಹೊತ್ತರೇ ಹೊರತು ಕೂತದ್ದು ಕಡಿಮೆ.

ಇವರು ನೂಲಿನ ಗಿರಣಿಯಲ್ಲಿ ಫಿಟ್ಟರ್. ಗಿರಣಿಯ ಎದುರಿಗೇ ಪಕ್ಷದ ಆಫೀಸು. ಆಫೀಸು ಎಂದರೆ ಒಂದು ಕೋಣೆ, ಸೋರುವ ತಗಡಿನ ಸೂರು, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಮಡಚುವ ಕುರ್ಚಿಗಳು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ, ಆಸ್ಪತ್ರೆಯಿಂದ ಹೆಣ ಬರುವುದರೊಳಗೆ ಕುರ್ಚಿ ತುಂಬಿದ ಇವರ ಕೈಗಾಡಿ ಆ ಮನೆಯ ಮುಂದೆ ನಿಂತಿರುತ್ತಿತ್ತು. ಸತ್ತವರು ಯಾವ ಪಕ್ಷದವರು ಎಂದು ಕೇಳುವ ಪೈಕಿ ಅಲ್ಲ. ಬಾಡಿಗೆ ಇಲ್ಲ, ಉಪಕಾರದ ಮಾತೂ ಬೇಡ. ಎಲ್ಲ ಮುಗಿದ ಮೇಲೆ ಮನೆಯವರು ಕುರ್ಚಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಂದಿಟ್ಟರೆ ಸಾಕು.

"ನಿಮ್ಮ ಪಕ್ಷದವರು ಮನೆ ಮನೆಗೆ ಬಂದು ಓಟು ಕೇಳೋದೇ ಇಲ್ವಲ್ಲ" ಎಂದು ಒಮ್ಮೆ ರೇಗಿಸಿದ್ದೆ.

"ಅಳೋ ಹೊತ್ತಲ್ಲಿ ಯಾರು ಬಂದ್ರು ಅಂತ ಜನ ಮರೆಯಲ್ಲ ಕಣೇ. ಕೇಳೋದೇನು ಬಂತು?" ಎಂದಿದ್ದರು.

ಕುರ್ಚಿ ಹಾಕುವುದರಲ್ಲೂ ಇವರದೊಂದು ಪದ್ಧತಿ. ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಹಾಕಿದ ಮೇಲೆ ಒಂದನ್ನು ಮಾತ್ರ ಗೇಟಿನ ಹೊರಗೆ, ಗೋಡೆಗೆ ತಾಗಿಸಿ ಇಡುತ್ತಿದ್ದರು. ಅದು ಸತ್ತವರೊಂದಿಗೆ ಮಾತು ಬಿಟ್ಟವರಿಗೆ. ಜಗಳವಾಡಿಕೊಂಡ ಅಣ್ಣನೋ, ಮುನಿಸಿಕೊಂಡ ಗೆಳೆಯನೋ ಬರದೆ ಇರಲಾರರು, ಬಂದರೆ ಒಳಗೆ ಕಾಲಿಡಲಾರರು. ಅಂಥವರು ಅಲ್ಲಿ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಮನೆಯವರೇ ಯಾರಾದರೂ ಬಂದು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದರು. ಎಷ್ಟೋ ಜಗಳಗಳು ಆ ಕುರ್ಚಿಯಲ್ಲೇ ಮುಗಿದಿವೆ.

ಈ ಕೆಲಸದಲ್ಲಿ ಇವರಿಗೆ ಜೊತೆ ಎಂದರೆ ಚಿಕ್ಕ ಫಿಟ್ಟರ್. ಇವರ ಕೈಕೆಳಗೇ ಕೆಲಸ ಕಲಿತವನು. ತಲೆ ನರೆತು ಅಜ್ಜನಾದರೂ ಊರಿಗೆ ಇವರು ದೊಡ್ಡ ಫಿಟ್ಟರ್, ಅವನು ಚಿಕ್ಕ ಫಿಟ್ಟರ್. ನನ್ನ ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಪಟ್ಟಣದಲ್ಲಿ ದೊಡ್ಡ ನಾಯಕರ ಸಭೆ ಎಂದು ಒಂದು ದಿನ ಲಾರಿ ಬಂತು. ಕುರ್ಚಿಗಳು ಸಾಲುತ್ತಿಲ್ಲ, ಸಭೆ ಮುಗಿದ ಮರುದಿನವೇ ವಾಪಸ್ಸು ಎಂದರು. ಇವರು ಮದುವೆಗೆ ಮಗಳನ್ನು ಸಿಂಗರಿಸುವವರ ಹಾಗೆ ಒಂದೊಂದನ್ನೂ ಒರೆಸಿ, ತಾವೇ ಲಾರಿಗೇರಿಸಿ, ಹಗ್ಗ ಬಿಗಿದು ಕಳಿಸಿದರು. ಕಾಲು ಮುರಿದ ಒಂದು ಕುರ್ಚಿ ಬೆಸುಗೆಗೆಂದು ನಮ್ಮ ಹಿತ್ತಿಲಲ್ಲಿತ್ತು. ಉಳಿದದ್ದು ಅದೊಂದೇ. ಲಾರಿ ತಿರುಗಿ ಬರಲಿಲ್ಲ.

ಕಾದು ಕಾದು ಇವರೇ ಪಟ್ಟಣಕ್ಕೆ ಹೋದರು. ಅಲ್ಲಿನ ಸೆಕ್ರೆಟರಿ ಇವರನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿ, ಫೋನಿನಿಂದ ಕಣ್ಣೆತ್ತದೆ ಮಾತಾಡಿದನಂತೆ.

"ಯಾವ ಕುರ್ಚಿ ಅಂತ ಹುಡುಕ್ಲಿ ಯಜಮಾನ್ರೇ? ಶಾಮಿಯಾನದವರ ಜೊತೆ ಹೋಗಿರ್ಬೇಕು. ಈಗ ಅದೆಲ್ಲ ಯಾಕೆ ಬಿಡಿ. ನಿಮ್ಮೂರಿನ ಪ್ರತಿಯೊಬ್ಬ ಮತದಾರನ ಮಾಹಿತಿ ನಮ್ಮ ಕಂಪ್ಯೂಟರಲ್ಲಿದೆ. ಆ ಆಫೀಸಿಗೆ ಬಾಡಿಗೆ ಕಟ್ಟೋದೂ ದಂಡ."

ಮುಂದಿನ ತಿಂಗಳು ಆಫೀಸಿಗೆ ಬೀಗ ಬಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರಲ್ಲ, ಹಾಗೆ. ಪಟ್ಟಣದ ಆ ಪುಣ್ಯಾತ್ಮರು ಇನ್ನೂ ಹೊಳೆಯ ನಡುವೆಯೇ ಇದ್ದರು, ಅದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಮೊದಲು ಸತ್ತವಳು ಗಿರಣಿಯ ಕ್ಯಾಂಟೀನಿನ ಅಜ್ಜಿ. ಇವರು ಬರಿಗೈಯಲ್ಲಿ ಹೋಗಿ ಗೋಡೆಯ ಪಕ್ಕ ನಿಂತರು. ಜನ ಇವರ ಮುಖ ನೋಡಿದರು, ಆಮೇಲೆ ಬೀದಿ ನೋಡಿದರು, ಕೈಗಾಡಿ ಹಿಂದೆ ಬರುತ್ತಿರಬೇಕು ಎಂದು. ಅವತ್ತು ಮನೆಗೆ ಬಂದು ಇವರು ಊಟ ಮಾಡಲಿಲ್ಲ.

ಅದರ ಮುಂದಿನ ಸಾವಿಗೆ ಕುರ್ಚಿಗಳು ಬಂದವು. ಹೊಸ ಪ್ಲಾಸ್ಟಿಕ್ ಕುರ್ಚಿಗಳು, ಬೆನ್ನಿನ ಮೇಲೆ ಎದುರು ಪಕ್ಷದ ಗುರುತು. ಟೆಂಪೊದಿಂದ ಇಳಿಸುತ್ತಿದ್ದವನು ನಮ್ಮ ಚಿಕ್ಕ ಫಿಟ್ಟರ್. ಸಂಜೆ ಇವರು ಅವನನ್ನು ನಮ್ಮ ಬಾಗಿಲಲ್ಲೇ ತಡೆದರು.

"ಮಾರ್ಕೊಂಡ್ಯೇನೋ?"

"ಇಲ್ಲಣ್ಣ. ಸತ್ತ ಮನೇಲಿ ಜನ ನಿಂತಿರೋದು ನೋಡೋಕಾಗ್ಲಿಲ್ಲ. ನಾನೇ ಹೋಗಿ ಅವರನ್ನ ಕೇಳ್ದೆ. ಕೊಟ್ರು, ತಂದೆ. ನಮ್ಮವರು ಕೊಟ್ಟಿದ್ರೆ ಅವರ ಹತ್ರ ಯಾಕೆ ಹೋಗ್ತಿದ್ದೆ?"

"ಇನ್ನು ನನ್ನ ಅಣ್ಣ ಅನ್ಬೇಡ."

ಅವನು ನನ್ನ ಕಡೆ ನೋಡಿದ. ನಾನು ಒಳಗೆ ಹೋದೆ. ಅಲ್ಲಿಗೆ ಮುಗಿಯಿತು. ಗಿರಣಿಯಲ್ಲಿ ಒಂದೇ ಯಂತ್ರದ ಆಚೆ ಈಚೆ ಕೂತು ಕೆಲಸ ಮಾಡುವಾಗಲೂ ಇಬ್ಬರೂ ಸ್ಪ್ಯಾನರನ್ನು ಬೇರೆಯವರ ಕೈಯಲ್ಲಿ ದಾಟಿಸುತ್ತಿದ್ದರಂತೆ.

ಚುನಾವಣೆ ಬಂತು. ಇವರು ಬೆಳಗ್ಗೆಯೇ ಹೋಗಿ ತಮ್ಮ ಹಳೆಯ ಗುರುತಿಗೇ ಒತ್ತಿ ಬಂದರು. ನಾನು ಯಾವುದಕ್ಕೆ ಒತ್ತಿದೆ ಎಂದು ಪ್ರತಿ ಸಲ ಕೇಳುತ್ತಿದ್ದವರು ಆ ಸಲ ಕೇಳಲಿಲ್ಲ. ಪಕ್ಷ ನೆಲಕಚ್ಚಿತು, ಗಿರಣಿಯ ಬೀದಿಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಟೀವಿಯಲ್ಲಿ ಆ ಸೆಕ್ರೆಟರಿ ಕಾಣಿಸಿಕೊಂಡು, ಕೂಲಿ ಜನ ಪ್ಲಾಸ್ಟಿಕ್ ಕುರ್ಚಿಗೆ ಮರುಳಾದರು, ಅವರಿಗೆ ತಮ್ಮ ಒಳಿತು ತಿಳಿಯುವುದಿಲ್ಲ ಎಂದ. ಇವರು ಎದ್ದು ಟೀವಿ ಆರಿಸಿದರು.

"ನಮ್ಮೂರಿನ ಹೆಸರನ್ನೇ ತಪ್ಪಾಗಿ ಹೇಳ್ದ" ಎಂದರು. ನನಗೆ ಕೆಂಡದಂಥ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ನಾನು ಸರಿಯಾಗಿ ಹೇಳಲಾರೆ.

ಅದೇ ವಾರ ಇವರು ಹಿತ್ತಿಲಿನಲ್ಲಿ ಆ ಮುರಿದ ಕುರ್ಚಿಗೆ ಕಾಲು ಬೆಸೆದು, ಉಜ್ಜಿ, ಬಣ್ಣ ಬಳಿದರು. ಬಳಿಯುತ್ತಲೇ ಹೇಳಿದರು:

"ನಾನು ಹೋದಾಗ ಅವರ ಕುರ್ಚಿ ನಮ್ಮ ಅಂಗಳಕ್ಕೆ ಬರ್ಬಾರ್ದು. ಮಾತು ಕೊಡು."

"ನಾನೇ ಮೊದಲು ಹೋದ್ರೆ?"

"ನೀನು ಎಲ್ಲಾದಕ್ಕೂ ಲೇಟು. ಕೊಡು ಮಾತು."

ನಗುತ್ತಲೇ ಕೊಟ್ಟೆ. ಹೇಳಿದಂತೆಯೇ ಆಯಿತು. ಬೇಸಿಗೆಯಲ್ಲಿ ಒಂದು ಬೆಳಗ್ಗೆ ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ ಗೋಡೆಗೆ ಒರಗಿದರು. ಲೋಟ ಉರುಳಿದ ಸದ್ದಿಗೆ ನಾನು ಅಡುಗೆಮನೆಯಿಂದ ಬಂದೆ. ಲೇಟಾಗಿಯೇ ಬಂದೆ.

ಇವರನ್ನು ಅಂಗಳದಲ್ಲಿ ಚಪ್ಪರದ ಕೆಳಗೆ ಮಲಗಿಸಿದೆವು. ಊರಿಗೆ ಊರೇ ಬಂತು. ಇವರಿಂದ ಕುರ್ಚಿ ಹಾಕಿಸಿಕೊಳ್ಳದ ಮನೆ ಇದ್ದರೆ ತಾನೇ ಬರದೆ ಇರುವುದಕ್ಕೆ. ಇವರಿಗೆ ಕೊಟ್ಟ ಮಾತನ್ನು ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದೆ, ಕುರ್ಚಿ ತರಿಸಿರಲಿಲ್ಲ. ಬಂದವರೆಲ್ಲ ನಿಂತರು. ಕೆಲವರು ನೆಲದ ಮೇಲೆ ಕೂತರು. ಮಂಡಿ ಹೋದ ಮುದುಕರು ಗೋಡೆ ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಬಿಸಿಲು ಏರುತ್ತಿತ್ತು. ಪಟ್ಟಣದ ಸೆಕ್ರೆಟರಿಯಿಂದ ಏನೋ ಬಂದಿದೆ ಎಂದು ಪಕ್ಕದ ಮನೆಯವಳು ಫೋನು ತಂದು ತೋರಿಸಿದಳು. ಇವರ ಒಂದು ಹಳೆಯ ಫೋಟೊ, ಸುತ್ತ ಹೂವಿನ ಚಿತ್ರ, ಕೆಳಗೆ ಪಕ್ಷದ ಗುರುತು. ಮನುಷ್ಯರು ಯಾರೂ ಬಂದಿರಲಿಲ್ಲ.

ಆಗ ರಸ್ತೆಯ ಆಚೆ ಟೆಂಪೊ ಕಾಣಿಸಿತು. ತುಂಬ ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ತಾಡಪಾಲು. ಚಿಕ್ಕ ಫಿಟ್ಟರ್ ಅದರ ಪಕ್ಕ ಬರಿತಲೆಯಲ್ಲಿ ಬಿಸಿಲಲ್ಲಿ ನಿಂತಿದ್ದ. ಹಗ್ಗ ಬಿಚ್ಚಿರಲಿಲ್ಲ, ರಸ್ತೆ ದಾಟುವ ಧೈರ್ಯವೂ ಇದ್ದಂತಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ನಾನು ಎದ್ದೆ. ಹೆಂಗಸರು "ನೀನು ಏಳ್ಬೇಡ, ಏನು ಬೇಕು ಹೇಳು" ಎಂದು ಸೆರಗು ಹಿಡಿದರು. ಬಿಡಿಸಿಕೊಂಡು ಹಿತ್ತಿಲಿಗೆ ಹೋದೆ. ಕಬ್ಬಿಣದ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಗೇಟಿನ ಹೊರಗೆ, ಗೋಡೆಗೆ ತಾಗಿಸಿ ಬಿಚ್ಚಿಟ್ಟೆ. ಅವನನ್ನು ಕೈಸನ್ನೆಯಲ್ಲಿ ಕರೆದೆ. ಬಂದ.

"ಕೂತ್ಕೋ."

"ಅಣ್ಣ ಬೇಡ ಅಂದಿದ್ರಂತೆ, ಅತ್ತಿಗೆ."

"ನಿನ್ನ ಕುರ್ಚಿ ಬೇಡ ಅಂದ್ರು. ನೀನು ಬೇಡ ಅಂದಿಲ್ಲ."

ಕೂತ. ಕೂತವನ ಕೈ ತಾನಾಗಿಯೇ ಕೆಳಗೆ ಹೋಗಿ ಬೆಸೆದ ಕಾಲನ್ನು ಸವರಿತು. ಬೆಸುಗೆ ಯಾರದ್ದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಮುಖ ಮುಚ್ಚಿಕೊಂಡು ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಬೆಳಗ್ಗೆಯಿಂದ ಕಲ್ಲಾಗಿದ್ದ ನನಗೂ ಆಗಲೇ ಅಳು ಬಂತು.

ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಅವನು ಹೇಳಿದ: "ಅತ್ತಿಗೆ, ವಯಸ್ಸಾದವರು ನಿಂತಿದ್ದಾರೆ."

ನನಗೂ ಕಣ್ಣಿತ್ತು. ಕೊಟ್ಟ ಮಾತು ಒಂದು ಕಡೆ, ಮಂಡಿನೋವಿನ ಜನ ಇನ್ನೊಂದು ಕಡೆ. ಕೊನೆಗೆ, "ಅಂಗಳಕ್ಕೆ ಬೇಡ. ರಸ್ತೆ ಆಚೆ ಮರದ ಕೆಳಗೆ ಹಾಕು" ಎಂದೆ.

ಹಾಕಿದ, ಸಾಲಾಗಿ, ನಮ್ಮ ಮನೆಯ ಕಡೆ ಮುಖ ಮಾಡಿ. ಮೊದಲು ಮುದುಕರು ರಸ್ತೆ ದಾಟಿದರು. ಆಮೇಲೆ ಅವರ ಕೈಹಿಡಿದುಕೊಂಡು ಸೊಸೆಯರು, ಅವರ ಹಿಂದೆ ಗಿರಣಿಯವರು. ಹೋಗುವಾಗ ಒಬ್ಬೊಬ್ಬರೂ ನನ್ನ ಮುಂದೆ ನಿಂತು, "ಇಲ್ಲೇ ಇರ್ತೀವಿ ತಾಯಿ, ಎದುರಿಗೇ" ಎಂದರು. ಯಾರನ್ನು ತಡೆಯಲಿ, ಏನೆಂದು ತಡೆಯಲಿ? ನೋಡನೋಡುತ್ತ ಅಂಗಳ ಬರಿದಾಯಿತು. ಇವರು ಜೀವಮಾನವಿಡೀ ಕೂರಿಸಿದ ಜನ ರಸ್ತೆಯ ಆ ಬದಿಯಲ್ಲಿ ಕೂತು ಇವರಿಗಾಗಿ ಅಳುತ್ತಿದ್ದರು. ಈ ಬದಿಯಲ್ಲಿ ಇವರು ಮತ್ತು ನಾನು. ನಡುವೆ ಗೇಟಿನ ಬಳಿ ಚಿಕ್ಕ ಫಿಟ್ಟರ್, ತಾನು ತಂದ ಕುರ್ಚಿಗಳಲ್ಲಿ ಒಂದರಲ್ಲೂ ಕೂರದೆ.

ಎತ್ತುವ ಹೊತ್ತಾದಾಗ ಅವನ ಕೈಹಿಡಿದು ಒಳಗೆ ಕರೆದುಕೊಂಡೆ. ಮೊದಲ ಹೆಗಲು ಅವನೇ ಕೊಟ್ಟ.

ಎಲ್ಲ ಮುಗಿಸಿ ಬಂದ ಮೇಲೆ ಅವನು ಪ್ಲಾಸ್ಟಿಕ್ ಕುರ್ಚಿಗಳನ್ನು ಟೆಂಪೊಗೆ ಏರಿಸಿದ. ಕಬ್ಬಿಣದ ಕುರ್ಚಿಯನ್ನು ಮಡಚಿ ಹಿಡಿದುಕೊಂಡು, "ಇದನ್ನ ಎಲ್ಲಿಡ್ಲಿ ಅತ್ತಿಗೆ?" ಎಂದು ಕೇಳಿದ.

ನಾನು ಒದ್ದೆ ಬಟ್ಟೆ ತಂದು ಅದನ್ನು ಒರೆಸಿದೆ. "ನೀನೇ ಇಟ್ಕೋ. ನಾಳೆ ಯಾರದ್ದಾದ್ರೂ ಮನೆ ಗೇಟಲ್ಲಿ ಬೇಕಾಗುತ್ತೆ" ಎಂದೆ.

ಅವನು ಅದನ್ನು ಆ ಕುರ್ಚಿಗಳ ರಾಶಿಯ ಮೇಲಿಟ್ಟು ಹಗ್ಗ ಬಿಗಿದ. ಟೆಂಪೊ ಬೀದಿಯ ತಿರುವು ದಾಟುವವರೆಗೂ ನಾನು ಗೇಟಿನಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಹೋಗಿ, ಬೆಳಗ್ಗೆ ಉರುಳಿದ ಲೋಟವನ್ನು ಎತ್ತಿ ತೊಳೆದಿಟ್ಟೆ.