ಇಟ್ಟಿಗೆ ಮಸೀದಿಯ ಗಿಲಾವು

ಹರಿಹರದ ಹೊಳೆದಂಡೆಯ ಇಟ್ಟಿಗೆ ಮಸೀದಿ ಎಂದರೆ ನಯನಾಗೆ ತವರುಮನೆಯಷ್ಟೇ ಅಕ್ಕರೆ. ದಾವಣಗೆರೆಯ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಕಲಿಸುವ ಆಕೆ ಮೊದಲೆಲ್ಲ ವರ್ಷಕ್ಕೊಮ್ಮೆ, ನಮಾಜಿಲ್ಲದ ಹೊತ್ತು ನೋಡಿ, ವಿದ್ಯಾರ್ಥಿಗಳನ್ನು ಇಲ್ಲಿಗೆ ಎಳೆದು ತರುತ್ತಿದ್ದಳು. ಒಂದು ತೊಲೆಯಿಲ್ಲ, ಕಬ್ಬಿಣದ ಒಂದು ಸರಳಿಲ್ಲ. ಅಂಗೈಯಗಲದ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡೇ ಕಮಾನಾಗಿ ಬಾಗಿ, ಗುಮ್ಮಟವನ್ನು ಹೊತ್ತಿದ್ದವು. "ಎಷ್ಟು ಹಗೂರಕ್ಕೆ ಹೊತ್ತೈತೆ ನೋಡ್ರೋ!" ಎಂದು ಆಕೆ ಮೈಮರೆತರೆ, ಹುಡುಗರು ತಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು. ಆ ಮುಖಗಳಲ್ಲಿ ಅಂಥದ್ದೇನಿತ್ತೋ ದೇವರೇ ಬಲ್ಲ. ಕೊರೊನಾ ಬಂದ ಮೇಲೆ ಆ ಪ್ರವಾಸ ನಿಂತೇಹೋಯಿತು.

ಈಗ ಒಬ್ಬಳೇ ಬಂದಿದ್ದಳು. ಗೋಡೆ ಬಿರುಕು ಬಿಟ್ಟಿದೆ, ಕೆಡವಿ ಹೊಸದು ಕಟ್ಟೋಣ ಎಂದು ಮಸೀದಿ ಕಮಿಟಿಯಲ್ಲಿ ಅರ್ಧ ಜನ, ಬೇಡವೆಂದು ಇನ್ನರ್ಧ. ಕೊನೆಗೆ ಕಾರ್ಯದರ್ಶಿ ಅಶ್ಫಾಕ್ ಫೋನ್ ಮಾಡಿ, "ಮೇಡಂ, ನೀವ್ ಹೇಳಿದ್ದೇ ಫೈನಲ್. ಉಳೀತೈತೆ ಅಂದ್ರೆ ಯಾರೂ ಮುಟ್ಟಂಗಿಲ್ಲ" ಎಂದಿದ್ದ. ಉಳಿಸಿಯೇ ತೀರುತ್ತೇನೆಂದು ನಯನಾ ಬಸ್ಸಿನಲ್ಲೇ ಶಪಥ ಮಾಡಿದ್ದಳು.

ಬಾಗಿಲಲ್ಲಿ ಕಾದಿದ್ದವರು ಗೌಸ್ ಪೀರ್. ಹರೆಯದಿಂದ ಇಲ್ಲೇ ಆಜಾನ್ ಕೂಗುತ್ತ, ಕಸ ಗುಡಿಸುತ್ತ ಮುದುಕರಾದವರು.

"ಬರ್ರಿ ಬೇಟಿ, ಡಾಕ್ಟ್ರು ಬಂದಂಗಾತು."

ಡಾಕ್ಟರಮ್ಮ ಒಳಗೆ ಕಾಲಿಟ್ಟವಳೇ ನಾಡಿ ನೋಡುವಂತೆ ಗೋಡೆಯನ್ನು ಮುಟ್ಟತೊಡಗಿದಳು. ಕಮಾನಿನ ಬುಡದಲ್ಲಿ ಬೆರಳೊತ್ತಿದರೆ ಇಟ್ಟಿಗೆ ರವೆಯಂತೆ ಉದುರಿತು. ಪಕ್ಕದ್ದೂ ಹಾಗೆಯೇ, ಅದರಾಚೆಯದೂ ಹಾಗೆಯೇ. ಹೊರಗೆ ಹಿಂಬದಿಗೆ ಓಡಿ ನೋಡಿದರೆ ಹೊಳೆ ಕಡೆಯ ಗೋಡೆಯ ತುಂಬ ಸಿಮೆಂಟಿನ ದಪ್ಪ ಗಿಲಾವು. ಹೊಳೆಯ ತೇವವನ್ನು ಹೀರಿ, ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತ ಬಾಳಿದ ಗೋಡೆ ಅದು. ಸಿಮೆಂಟ್ ಅದರ ಮೂಗು ಬಾಯಿ ಮುಚ್ಚಿತ್ತು. ತೇವ ಒಳಗೇ ಉಳಿದು ಇಟ್ಟಿಗೆಯನ್ನು ಪುಡಿಮಾಡಿತ್ತು.

"ಇದನ್ನ ಯಾರ್ ಮಾಡಿಸಿದ್ರಿ?"

"ನಾನೇ!" ಗೌಸ್ ಪೀರ್ ಮುಖ ಅರಳಿತು. "ಕೊರೊನಾದಾಗ ಮಳೆಗೆ ಗೋಡೆ ಹಸಿ ಆಗಿತ್ತು. ಕೆಲಸಕ್ಕೆ ಯಾರೂ ಬರ್ಲಿಲ್ಲ. ನಾನೇ ಕರಣಿ ಹಿಡ್ದು ಮೆತ್ತಿದೆ."

ಶುಕ್ರವಾರ ಇದೇ ಗುಮ್ಮಟದ ಕೆಳಗೆ ಊರ ಜನವೆಲ್ಲ ಸೇರುತ್ತದೆ. ಈ ವಿಷಯದಲ್ಲಿ ಸುಳ್ಳು ಹೇಳುವಂತಿರಲಿಲ್ಲ.

"ಉಳಿಯಂಗಿಲ್ರಿ ಅಜ್ಜಾರೆ. ಇವತ್ತಿಂದ ಒಳಗೆ ಯಾರನ್ನೂ ಬಿಡಬ್ಯಾಡ್ರಿ."

ಇದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ತಾನೇ ಈ ಮಾತು ಆಡಬೇಕಾಯಿತಲ್ಲ ಎಂದು ಆಕೆಗೆ ಅಳು ಬಂತು.

"ಯಾಕ ಹಿಂಗಾತು ಬೇಟಿ?"

"ವಯಸ್ಸಾತಲ್ರಿ," ಎಂದಳು. ಇಷ್ಟು ಸಣ್ಣ ಸುಳ್ಳಿನಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಳು.

ಮುದುಕರು ಕಣ್ಣೊರೆಸಿಕೊಂಡು ಅಂಗಳದಾಚೆಯ ಪುಟ್ಟ ಕಮಾನು ಬಾಗಿಲನ್ನು ತೋರಿಸಿದರು. ಅದೂ ಅದೇ ಕಾಲದ ಇಟ್ಟಿಗೆಯದು. ಗಿಲಾವು ಕಾಣದೆ ಕೆಂಪಗೆ, ಗಟ್ಟಿಯಾಗಿ ನಿಂತಿತ್ತು.

"ಹೋಗ್ಲಿ, ಅದನ್ನಾರ ಉಳಿಸ್ಕಂತೀನಿ. ನಾಳೇನೇ ಸಿಮೆಂಟ್ ತರಿಸಿ ಮೆತ್ತಿಬಿಡ್ತೀನಿ."

"ಬ್ಯಾಡ್ರಿ!" ನಯನಾ ಕಿರುಚಿಯೇಬಿಟ್ಟಳು. ಇನ್ನು ಮುಚ್ಚಿಡುವಂತಿರಲಿಲ್ಲ. ಗೋಡೆಯ ತೇವದ ಕಥೆ, ಸಿಮೆಂಟ್ ಮಾಡಿದ ಕೇಡು, ಎಲ್ಲವನ್ನೂ ತಲೆತಗ್ಗಿಸಿ ಹೇಳಿದಳು.

ಗೌಸ್ ಪೀರ್ ತಾವೇ ಮೆತ್ತಿದ ಗಿಲಾವಿನ ಮೇಲೆ ಅಂಗೈ ಇಟ್ಟರು.

"ಹಂಗಾದ್ರೆ ಇದರ ಉಸಿರು ಕಟ್ಟಿಸಿದೋನು ನಾನೇ ಏನ್ರಿ?"

ಇಲ್ಲ ಎನ್ನಲು ಆಕೆ ಬಾಯಿ ತೆರೆದಳು. ಇಲ್ಲ ಎಂದರೆ ನಾಳೆ ಆ ಬಾಗಿಲೂ ಹೋಗುತ್ತದೆ.

"ಹೌದ್ರಿ," ಎಂದಳು.