ಒಳ್ಳಿನ ಪಕ್ಕದ ಹಳದಿ ಡಬ್ಬಿ

ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ಅಂಗಳದಲ್ಲಿ ಸ್ಕೂಟಿ ಬಂದು ನಿಂತ ಸಪ್ಪಳವಾಯಿತು.

“ರಾಜೇಶ್ವರಿ ಅಕ್ಕಾರ, ಅದೀರೇನ್ರಿ?”

ಸಪ್ನಾಳ ದನಿ. ಬೈಲಹೊಂಗಲದ ಹುಡುಗಿ, ನಮ್ಮೂರ ಕಲ್ಲುಗಣಿಯಲ್ಲಿ ಇಂಜಿನಿಯರು. ಬೆಳಗಿನ ಏಳಕ್ಕೇ ಬಂದಿದ್ದಾಳೆಂದರೆ ಸುದ್ದಿ ಒಳ್ಳೆಯದಿರಲಾರದು. ಬಡಿದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಹಂಚಿನ ಕೆಳಗಿನ ಉರಿ ತಗ್ಗಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ಅವಳು ಕಟ್ಟೆಯ ಮೇಲೆ ಕೂಡಲಿಲ್ಲ. ನೇರವಾಗಿ ಗೋಡೆಯ ಬುಡಕ್ಕೆ ಹೋಗಿ, ಎರಡು ತಿಂಗಳ ಹಿಂದೆ ತಾನೇ ನೆಲಕ್ಕೆ ಕೂರಿಸಿದ್ದ ಹಳದಿ ಡಬ್ಬಿಯ ಮುಂದೆ ಕುಕ್ಕರಿಸಿದಳು. ಗಣಿಯಲ್ಲಿ ಬಂಡೆ ಸಿಡಿಸಿದಾಗ ಮನೆಗಳ ನೆಲ ಎಷ್ಟು ನಡುಗುತ್ತದೆ ಎಂದು ಅಳೆಯುವ ಡಬ್ಬಿ ಅದು. ಗಣಿಗೆ ಎಲ್ಲಕ್ಕಿಂತ ಹತ್ತಿರದ ಮನೆ ನಮ್ಮದೇ. ನಡುಕ ಐದರೊಳಗಿದ್ದರೆ ಡಬ್ಬಿಯ ದೀಪ ಹಸಿರು, ದಾಟಿದರೆ ಕೆಂಪು.

“ಹೋದ ಶನಿವಾರ ಒಂಬತ್ತು, ರವಿವಾರ ಹನ್ನೊಂದು. ನಡುವ ಬುಧವಾರ, ಗುರುವಾರ ನೋಡ್ರಿ, ಬರೇ ಎರಡು. ಅದೇ ಮದ್ದು, ಅಷ್ಟೇ ತೂತು. ನನಗ ತಲೀನ ಓಡವಲ್ದು,” ಎಂದಳು.

ಅದೇ ಗಣಿಯಲ್ಲಿ ಬಂಡೆ ಸಿಡಿಸುವ ನನ್ನ ಗಂಡ ಭೀಮಶಿ ಬೂಟಿನ ದಾರ ಕಟ್ಟುತ್ತಿದ್ದವರು ಹಾಗೆಯೇ ಕೂತುಬಿಟ್ಟರು. “ಇವತ್ತೂ ದಾಟಿತಂದ್ರ ಮುಗೀತು. ಮಾಂತಪ್ಪ ಸಾವುಕಾರ್ರು ಸೋಮವಾರ ಹಳೇ ಗುತ್ತಿಗೆದಾರನ್ನ ಕರಸ್ತಾರ.”

ಹಳೆಯ ಗುತ್ತಿಗೆದಾರ ಎಂದರೆ ಏನೆಂದು ಈ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಕಣ್ಣಳತೆಯಲ್ಲಿ ಮದ್ದು ತುಂಬಿ ಎಲ್ಲವನ್ನೂ ಒಮ್ಮೆಗೇ ಹಾರಿಸುತ್ತಿದ್ದ. ಕಲ್ಲುಗಳು ನಮ್ಮ ಹಿತ್ತಲವರೆಗೂ ಬಂದು ಬೀಳುತ್ತಿದ್ದವು. ಎರಡು ವರ್ಷದ ಹಿಂದೆ ಅಂಥದ್ದೊಂದು ಕಲ್ಲು ಇವರ ಹೆಗಲು ಸೀಳಿತು. ಬೈಕಿನ ನಡುವೆ ಕೂರಿಸಿಕೊಂಡು ಕರೆತಂದಾಗ ಬಾಗಿಲಲ್ಲಿ ನಿಂತಿದ್ದವಳು ನಮ್ಮ ಮಗಳು ಪ್ರಣಿತಾ. ಆಗ ಅವಳಿಗೆ ಆರು ವರ್ಷ.

ಎರಡು ತಿಂಗಳಿಂದ ನಡೆದಿರುವುದು ಬೇರೆ ಪದ್ಧತಿ. ಇವರು ಧಾರವಾಡಕ್ಕೆ ಹೋಗಿ ನಾಲ್ಕು ತಿಂಗಳು ಕಲಿತು ಬಂದರು. ಕಂಪ್ಯೂಟರಿನಲ್ಲಿ ಬಂಡೆಯ ನಕ್ಷೆ ತೆಗೆದು, ಅಳತೆಯಿಂದ ತೂತು ಕೊರೆದು, ಸ್ವಲ್ಪ ಸ್ವಲ್ಪವೇ ಮದ್ದು ಹಾಕಿ, ಒಂದರ ಹಿಂದೆ ಒಂದನ್ನು ಕಣ್ಣೆವೆ ಬಡಿಯುವಷ್ಟು ಬಿಡುವಿನಲ್ಲಿ ಸಿಡಿಸುತ್ತಾರೆ. ಕಲ್ಲು ಹಾರುವುದಿಲ್ಲ, ಕುಸಿಯುತ್ತದೆ. ಹಳೆಯ ಗುಂಡಿಯಲ್ಲಿ ನಿಂತ ಮಳೆನೀರನ್ನೇ ಪಂಪಿನಿಂದ ಎತ್ತಿ ಕ್ರಷರಿನ ಮೇಲೆ ಚಿಮುಕಿಸುತ್ತಾರೆ. ಬೆಳಗ್ಗೆ ಒಣಹಾಕಿದ ಸೀರೆ ಸಂಜೆಗೂ ತನ್ನ ಬಣ್ಣದಲ್ಲೇ ಇರಬಲ್ಲದು ಎಂದು ಈ ಊರಿಗೆ ಸೊಸೆಯಾಗಿ ಬಂದ ಹನ್ನೊಂದು ವರ್ಷದ ಮೇಲೆ ನನಗೆ ಗೊತ್ತಾಯಿತು.

ಆದರೆ ಗಣಿಯ ಮಾಲಕ ಮಹಾಂತಪ್ಪನವರಿಗೆ ಸೀರೆ ಕಾಣುವುದಿಲ್ಲ, ಡಬ್ಬಿಯ ಅಂಕಿ ಕಾಣುತ್ತದೆ. ನೆಲ ಮೊದಲಿನಷ್ಟೇ ನಡುಗುವುದಾದರೆ ಈ ಕಂಪ್ಯೂಟರು, ಪಂಪು ಯಾಕೆ ಎಂದು ಕೇಳುತ್ತಾರೆ. ತಪ್ಪೂ ಅಲ್ಲ.

“ಅಕ್ಕಾರ, ಇವತ್ತೊಂದಿನ ಹೊಲಕ್ಕ ಹೋಗಬ್ಯಾಡ್ರಿ,” ಎಂದಳು ಸಪ್ನಾ. “ಹನ್ನೆರಡಕ್ಕ ನಾನು, ಅಣ್ಣಾರು ಇಬ್ಬರೂ ಖಣ್ಯಾಗ ಇರ್ತೇವಿ. ಡಬ್ಬಿ ಹತ್ರ ಯಾರೂ ಇರಂಗಿಲ್ಲ. ಆ ಹೊತ್ತಿಗಿ ಟ್ರ್ಯಾಕ್ಟರ್ ಹಾಯ್ತೈತೋ, ಎಮ್ಮಿ ತಿಕ್ಕ್ಯಾಡತೈತೋ ಒಂದೀಟು ನೋಡ್ರಿ.”

“ಎಮ್ಮಿ ಮಾರಿ ವರ್ಷಾತು. ನೀ ಮೊದ್ಲ ಎರಡ ರೊಟ್ಟಿ ತಿನ್ನು ಬಾ,” ಎಂದು ಶೇಂಗಾ ಹಿಂಡಿ, ಮೊಸರು ಹಾಕಿಕೊಟ್ಟೆ. “ಹಿಂಡಿ ಕಟಗೊಂಡೂ ಹೋಗು. ನಮ್ಮತ್ತಿಯವ್ರು ಯಾಕೋ ಡಬ್ಬಿಗಟ್ಟಲೆ ಕುಟ್ಟಿ ಇಡಾಕ ಹತ್ಯಾರ.”

ನಮ್ಮತ್ತೆ ಸಾವಂತ್ರೆವ್ವ ಒಳಗಿನಿಂದಲೇ, “ತಿನ್ನೂ ಮುಂದ ರುಚಿ, ಕುಟ್ಟೂ ಮುಂದ ಲೆಕ್ಕ,” ಎಂದರು. ಸಪ್ನಾ ಬೆರಳು ನೆಕ್ಕುತ್ತ ನಕ್ಕಳು.

ಇವರು ಹೊರಟು ನಿಂತರು. ಶನಿವಾರದ ಬೆಳಗಿನ ಶಾಲೆಗೆ ಪಾಟಿಚೀಲ ಹಾಕಿಕೊಂಡಿದ್ದ ಪ್ರಣಿತಾ ಹೊಸ್ತಿಲ ಮೇಲೆ ನಿಂತು ಅಪ್ಪನನ್ನು ನೋಡಿದಳು. ತುಟಿ ಬಿರಿಯಿತು, ಮುಚ್ಚಿತು. ಎರಡು ವರ್ಷದಿಂದ ದಿನಾ ಬೆಳಗ್ಗೆ ನಾನು ಇದನ್ನು ನೋಡುತ್ತಿದ್ದೇನೆ. ಏನೋ ಕೇಳಬೇಕೆನ್ನುತ್ತಾಳೆ, ನುಂಗುತ್ತಾಳೆ. ಗಣಿಗೆ ಹೋಗುವ ಗಂಡಸನ್ನು ಎಲ್ಲಿ, ಏನು ಎಂದು ಕೇಳಬಾರದು ಎಂಬುದು ಅತ್ತೆಯ ಕಟ್ಟಳೆ. ಮಾವ ಅದೇ ಗಣಿಯಲ್ಲಿ ಉಳಿ ಹಿಡಿದ ಕಾಲದಿಂದ ಬಂದದ್ದು. ಹೆಗಲಿನ ಗಾಯವಾದ ದಿನ ಪ್ರಣಿತಾ “ಎಲ್ಲಿಗಿ ಹೊಂಟಿ ಅಪ್ಪಾ?” ಎಂದು ಕೇಳಿದ್ದಳಂತೆ. ಅತ್ತೆ ಬೈಯಲಿಲ್ಲ. ಆದರೆ ಆ ಸಂಜೆ ಅಡುಗೆಮನೆಯಲ್ಲಿ, ಕೇಳಿದ್ದಕ್ಕೇ ಹೀಗಾಯಿತು ಎಂದು ತಮ್ಮಷ್ಟಕ್ಕೇ ಆಡಿಕೊಂಡದ್ದು ಮಗುವಿನ ಕಿವಿಗೆ ಬಿದ್ದಿತ್ತು. ಹಾಗಲ್ಲ ಎಂದು ನಾನು ಎಷ್ಟೋ ಸಲ ತಲೆ ಬಾಚುವಾಗ ಹೇಳಿದ್ದೇನೆ. ಕೇಳಿಸಿಕೊಳ್ಳುತ್ತಾಳೆ. ನಂಬಿಕೆ ಬಾಚಣಿಕೆಯಿಂದ ಬರುವುದಿಲ್ಲ.

ಹನ್ನೊಂದೂವರೆಗೆ ಬೇಳೆ ಆರಿಸುವ ಮೊರ ಹಿಡಿದು ಡಬ್ಬಿಯ ಪಕ್ಕ ಕೂತೆ. ದೀಪ ಹಸಿರಾಗಿತ್ತು. ರಸ್ತೆಯಲ್ಲಿ ಒಂದು ಟಿಪ್ಪರು ಸಿರಸಂಗಿಯ ಕಡೆ ಹೋಯಿತು, ಹಸಿರು ಕದಲಲಿಲ್ಲ. ಪ್ರಣಿತಾ ಶಾಲೆಯಿಂದ ಬಂದು ಕೈಕಾಲು ತೊಳೆದಳು. ನನ್ನನ್ನು ಆ ಹೊತ್ತಿಗೆ ಮನೆಯಲ್ಲಿ ಕಂಡು ಆಶ್ಚರ್ಯವಾಯಿತೇನೋ, ಪಕ್ಕದಲ್ಲಿ ಕೂತು ಎರಡು ಕಲ್ಲು ಆರಿಸಿಕೊಟ್ಟಳು.

ಹನ್ನೆರಡಕ್ಕೆ ಗಣಿಯ ಭೋಂಗಾ ಊದಿತು. ಭೋಂಗಾ ಎರಡು ಸಲ ಊದುತ್ತದೆ. ಮೊದಲನೆಯದು ದೂರ ಸರಿಯಿರಿ ಎಂದು, ಎರಡನೆಯದು ಎಲ್ಲ ಮುಗಿಯಿತು ಎಂದು. ನಡುವಿನ ಐದು ನಿಮಿಷ ನಮ್ಮಂಥವರ ಮನೆಯಲ್ಲಿ ಬಲು ಉದ್ದ.

ಪ್ರಣಿತಾಳ ಕೈಯಿಂದ ಬೇಳೆ ಜಾರಿತು. ಅವಳು ನನ್ನ ಕಡೆ ನೋಡಲಿಲ್ಲ, ಎದ್ದು ಅಜ್ಜಿಯ ಬಳಿ ಹೋದಳು. ಡಬ್ಬಿಯಿಂದ ಮೂರು ಮೊಳದಾಚೆ ನೆಲಕ್ಕೆ ಹೂತ ನಮ್ಮ ಕುಟ್ಟುವ ಕಲ್ಲಿನ ಒಳ್ಳಿದೆ, ಯಾವಾಗಲೂ ಪರಸಿ ಚಪ್ಪಡಿಯೊಂದು ಮುಚ್ಚಿರುತ್ತದೆ. ಅತ್ತೆ ಅದನ್ನು ಸರಿಸಿ, ಎರಡು ಹಿಡಿ ಹುರಿದ ಶೇಂಗಾ ಸುರಿದು, ಒನಕೆ ಎತ್ತಿದರು. ಮೊಮ್ಮಗಳು ಅವರ ಸೆರಗು ಹಿಡಿದು ಕೂತಳು.

ಧಡ್. ಧಡ್. ಧಡ್.

ಎಪ್ಪತ್ತರ ಮುದುಕಿ ಹಾಗೆ ಕುಟ್ಟುವುದನ್ನು ನಾನು ನೋಡಿರಲಿಲ್ಲ. ಹಿಂಡಿಗೆ ಅಷ್ಟು ಬಲ ಬೇಕಿಲ್ಲ. ಸಿಡಿಯುವ ಸದ್ದು ಮಗುವಿನ ಕಿವಿಗೆ ಬೀಳದಿರಲಿ ಎಂದು ಕುಟ್ಟುತ್ತಿದ್ದಾರೆ ಎಂದು ಆಗ ಹೊಳೆಯಿತು. ಶನಿವಾರ, ರವಿವಾರ ಅವಳು ಮನೆಯಲ್ಲಿರುವ ದಿನ; ಉಳಿದ ದಿನ ಅತ್ತೆಯೂ ನನ್ನೊಡನೆ ಹೊಲಕ್ಕೆ ಬರುತ್ತಾರೆ. ಆ ಎರಡು ದಿನ ಹೊಲದಿಂದ ಬಂದ ನನಗೆ ಸಂಜೆ ಹಿಂಡಿ ಮಾತ್ರ ಕಾಣುತ್ತಿತ್ತು.

ಪಕ್ಕಕ್ಕೆ ನೋಡಿದೆ. ಡಬ್ಬಿಯ ದೀಪ ಕೆಂಪಾಗಿತ್ತು. ಬಂಡೆ ಇನ್ನೂ ಸಿಡಿದಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಪ್ರಣಿತಾಳೂ ಅದನ್ನು ಕಂಡಿದ್ದಳು. ದೀಪ ನೋಡಿದಳು, ಒನಕೆ ನೋಡಿದಳು. ಎದ್ದು ಎರಡೂ ಕೈಯಿಂದ ಒನಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡ ಕೂಸ, ಇನ್ನೂ ಸಿಡದಿಲ್ಲ,” ಎಂದರು ಅತ್ತೆ.

ಬಿಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬೆರಳು ಬೆಳ್ಳಗಾಗಿದ್ದವು. ನಾನು ಹೋಗಿ ಆ ಬೆರಳುಗಳ ಮೇಲೆ ಕೈಯಿಟ್ಟೆ. ಅಂಗಳವೆಲ್ಲ ಸುಮ್ಮನಾಯಿತು.

ಆಮೇಲೆ ಬಂತು. ದೂರದಲ್ಲಿ ಯಾರೋ ಟ್ರಾಲಿಯಿಂದ ಜೋಳದ ಚೀಲಗಳನ್ನು ಒಂದರ ಹಿಂದೆ ಒಂದು ಇಳಿಸಿದಂತೆ. ಕಿಟಕಿಯ ಚಿಲಕ ಅಲುಗಲಿಲ್ಲ. ಗೂಡಿನ ಮೇಲಿನ ತಾಟು ತಣ್ಣಗೆ ನಿಂತಿತ್ತು.

“ಸಿಡೀತೇನ?” ಎಂದರು ಅತ್ತೆ.

“ಸಿಡೀತ್ರಿ.”

“ಇಷ್ಟ?”

“ಇಷ್ಟರಿ.”

ಅವರು ಒನಕೆಯನ್ನು ಗೋಡೆಗಾನಿಸಿ ಒಳ್ಳಿನ ಅಂಚಿನ ಮೇಲೆ ಕೂತುಬಿಟ್ಟರು. “ಹಂಗಾದ್ರ ಎರಡ ತಿಂಗಳ ನಾ ಯಾರ ಮ್ಯಾಲ ಸಿಟ್ಟಿಗೆದ್ದು ಕುಟ್ಟಿದ್ನಬೇ?”

ಎರಡನೆಯ ಭೋಂಗಾ ಊದಿತು.

ಸಂಜೆ ಸಪ್ನಾ ಲ್ಯಾಪ್‌ಟಾಪಿನಲ್ಲಿ ಗೆರೆ ತೋರಿಸಿದಳು. ಮೊದಲು ಒನಕೆ ಏಟಿನ ಎತ್ತರದ ಮೊನೆಗಳು, ಆಮೇಲೆ ಬಂಡೆ ಸಿಡಿದ ಗಿಡ್ಡ ದಿಬ್ಬ. ಅದರ ಅಂಕಿ ಬರೀ ಎರಡು. ಅವಳು ಹಣೆ ಬಡಿದುಕೊಂಡಳು. “ಆ ಪರಸಿ ಕೆಳಗ ಒಳ್ಳ ಐತಿ ಅಂತ ನಾ ನೋಡಲೇ ಇಲ್ಲರಿ, ಅರಬಿ ಒಗಿಯೂ ಕಲ್ಲಂತ ತಿಳದಿದ್ನಿ. ಸಾಲದ್ದಕ್ಕ ಎರಡ ತಿಂಗಳ ಅದ ಒಳ್ಳಿನ ಹಿಂಡಿ ತಿಂದೇನಿ!”

ಮಹಾಂತಪ್ಪನವರು ಸುಲಭಕ್ಕೆ ಒಪ್ಪಲಿಲ್ಲ. ತಾವೇ ಬಂದು ಡಬ್ಬಿಯ ಮುಂದೆ ನಿಂತರು. ಅವರನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಬಲ್ಲ ಅತ್ತೆ ಒನಕೆ ಎತ್ತಿ ಮೂರು ಏಟು ಹಾಕಿದರು. ದೀಪ ಕೆಂಪಾಯಿತು. ಅಂಕಿ ಹತ್ತು.

“ಇನ್ನೊಂದೀಟು ಹಾಕಲೇನೋ ಮಾಂತಪ್ಪಾ?”

“ಬ್ಯಾಡ ಬೇ ಯವ್ವಾ, ನನ್ನ ಖಣಿ ಬಂದ್ ಮಾಡಸ್ತಿ,” ಎಂದು ಅವರು ನಕ್ಕೇಬಿಟ್ಟರು. ಹೋಗುವಾಗ ಇವರಿಗೆ, “ಭೀಮಶಿ, ಇದ ಪದ್ಧತಿ ನಡೀಲಿ. ಒಂದ್ ವರ್ಷ ನೋಡೂಣು,” ಎಂದರು.

ರಸ್ತೆಗೂ ಒಂದಿಷ್ಟು ನೀರು ಹೊಡೆಸಿರಿ, ಟಿಪ್ಪರಿನ ಧೂಳು ಇನ್ನೂ ಏಳುತ್ತದೆ ಎಂದು ನಾನು ಹೇಳಿದೆ. ಕೇಳಿಸಿತೋ ಇಲ್ಲವೋ, ತಲೆ ಆಡಿಸಿದರು. ಇನ್ನೊಮ್ಮೆ ಹೇಳುತ್ತೇನೆ. ಸಪ್ನಾ ಡಬ್ಬಿಯನ್ನು ಕಿತ್ತು ಹಿತ್ತಲ ಗೋಡೆಗೆ ಒಯ್ದು ಕೂರಿಸಿದಳು.

ಮರುದಿನ ರವಿವಾರ. ಇವರು ಬುತ್ತಿ ತೆಗೆದುಕೊಂಡು ಹೊಸ್ತಿಲು ದಾಟಿದರು. ಪ್ರಣಿತಾ ಅರ್ಧ ಹಾಕಿದ ಜಡೆಯಲ್ಲೇ ನನ್ನ ಕೈಬಿಡಿಸಿಕೊಂಡು ಬಾಗಿಲಿಗೆ ಓಡಿದಳು. ತುಟಿ ಬಿರಿಯಿತು. ಒಮ್ಮೆ ತಿರುಗಿ ಅಜ್ಜಿಯನ್ನು ನೋಡಿದಳು.

ಅತ್ತೆ ಶೇಂಗಾ ಸುಲಿಯುತ್ತಿದ್ದರು. ಕೈ ನಿಂತಿತು. ಬೇಡ ಎನ್ನುತ್ತಾರೆಂದುಕೊಂಡೆ. ಅವರು ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ, “ಕೇಳ ಕೂಸ,” ಎಂದರು.

ಇವರು ಮೆಟ್ಟಿಲ ಮೇಲೆಯೇ ನಿಂತರು.

“ಅಪ್ಪಾ, ಭೋಂಗಾ ಊದಿದ ಮ್ಯಾಲ ನೀ ಎಲ್ಲಿ ನಿಂದರ್ತಿ?”