ಗೋಡೆಯಾಚೆಯ ಸೋದರಳಿಯ

ನಮ್ಮ ನಡುಮನೆಯನ್ನು ಎರಡು ಮಾಡಿದ ಗೋಡೆಗೆ ಗಿಲಾವು ಮಾಡಿಸುವ ಮನಸ್ಸು ಯಾರಿಗೂ ಬರಲಿಲ್ಲ. ಬರೀ ಇಟ್ಟಿಗೆ, ಅವಸರದ ಗಾರೆ. ಸೆರಗು ತಾಗಿದರೂ ಪುಡಿ ಉದುರುತ್ತಿತ್ತು. ಈ ಕಡೆ ನಾನು, ನಮ್ಮವರು. ಆ ಕಡೆ ನನ್ನ ಮೈದುನ ಪಾಯಣ್ಣ, ಅವನ ಹೆಂಡತಿ ಸುಲೋಚನ. ಸೋಡಾ ಕಾರ್ಖಾನೆಯನ್ನು ಜೊತೆಯಾಗಿ ನಡೆಸಿದ ಅಣ್ಣತಮ್ಮಂದಿರು, ಗಿರಾಕಿಗಳ ಮುಂದೆ ನಾಲಗೆ ಜಾರಿದ ಒಂದು ಮಾತಿಗೆ ಮುನಿದು ಪಾಲಾಗಿದ್ದರು.

ಪಾಲಿನ ದಿನ ಹಂಡೆ, ಕೊಡ, ಮಂಚವೆಲ್ಲ ಸಲೀಸಾಗಿ ಹಂಚಿಹೋದವು. ಹಿರಿಯರು ತಲೆ ಕೆರೆದುಕೊಂಡದ್ದು ವಿಡಿಯೋ ಮಷೀನು ಮತ್ತು ಮೂರು ಕ್ಯಾಸೆಟ್ಟುಗಳ ಮುಂದೆ. ಮೂರೂ ಒಂದೇ ಕತೆಯ ಮೂರು ಭಾಗದ ನಗೆಚಿತ್ರಗಳು. ಒಬ್ಬ ಮುಂಗೋಪಿ ಮಾವ, ಒಬ್ಬ ಪೆದ್ದ ಸೋದರಳಿಯ. ಕಬ್ಬಿಣದ ಬೀರುವಿನೊಳಗೆ ಹೊಕ್ಕು ಹಿಂದಿನ ಕಾಲಕ್ಕೆ ಹೋಗುತ್ತಾರೆ. ಅಜ್ಜನ ಮದುವೆ ಸರಿಪಡಿಸಲು ಹೋಗಿ ಊರಿಗೆ ಊರನ್ನೇ ಕೆಡಿಸಿ ಬರುತ್ತಾರೆ. ಭಾನುವಾರ ಊಟವಾದ ಮೇಲೆ ಅಣ್ಣತಮ್ಮ ಅದನ್ನೇ ನೋಡಬೇಕು. ತೆರೆಯ ತುಂಬ ಗೆರೆ ಬಿದ್ದು ಮುಖಗಳು ಕಾಣದಿದ್ದರೂ ಅವರ ನಗು ಸವೆಯಲಿಲ್ಲ. ಮಾವನ ಮಾತು ನಮ್ಮವರು ಹೇಳುವುದು, ಅಳಿಯನದು ಪಾಯಣ್ಣ. ಟೀವಿಯ ದನಿಯನ್ನು ಕೇಳಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ!

ಹಿರಿಯರು ಮಷೀನನ್ನು ಅಣ್ಣನಿಗೂ ಕ್ಯಾಸೆಟ್ಟುಗಳನ್ನು ತಮ್ಮನಿಗೂ ಕೊಟ್ಟು ಕೈ ತೊಳೆದುಕೊಂಡರು. ಅವರ ಬುದ್ಧಿಗೆ ಏನನ್ನಬೇಕೋ.

ನಮ್ಮವರು ಪೇಟೆಯಿಂದ ಅದೇ ಚಿತ್ರದ ಹೊಸ ಕ್ಯಾಸೆಟ್ಟು ತಂದರು. ಒಂದು ಗೆರೆಯಿಲ್ಲ, ಕನ್ನಡಿಯ ಹಾಗಿತ್ತು. ಸ್ವಲ್ಪ ಹೊತ್ತು ನೋಡಿ ಆರಿಸಿಬಿಟ್ಟರು.

"ಯಾಕ್ರೀ?"

"ನಗು ಬರವಲ್ದು."

ಮುಂದೆ ಭಾನುವಾರ ಬಂತೆಂದರೆ ಅವರಿಗೆ ಕೂತಲ್ಲಿ ಕೂರಲಾಗದು. ಬಾಗಿಲಿಗೆ ಹೋಗಿ ಬರುವರು, ನೀರು ಕೇಳಿ ಕುಡಿಯದೆ ಇಡುವರು. ಆಮೇಲೆ ಒಂದು ಭಾನುವಾರ ಗೋಡೆಯಾಚೆಯಿಂದ ಪಾಯಣ್ಣನ ದನಿ ಕೇಳಿತು. ಮಷೀನಿಲ್ಲದ ಮನೆಯಲ್ಲಿ ಅವನು ಸಿನಿಮಾವನ್ನು ಬಾಯಲ್ಲೇ ಹೇಳುತ್ತಿದ್ದ. "ಮಾವಾ, ಬೀರು ಬಾಗಿಲು ತೆಗೀಲಾ?" ಎಂದು ಅಳಿಯನ ಮಾತಾಡಿ ಸುಮ್ಮನಾದ. ಸ್ವಲ್ಪ ಬಿಟ್ಟು, ಯಾರೋ ಉತ್ತರ ಕೊಟ್ಟರೇನೋ ಎಂಬಂತೆ ಮುಂದಿನ ಮಾತಾಡಿದ. ಮಾವನ ಮಾತಿನ ಜಾಗವನ್ನೆಲ್ಲ ಅವನು ಖಾಲಿ ಬಿಡುತ್ತಿದ್ದಾನೆಂದು ನನಗೆ ಆಗ ತಿಳಿಯಿತು. ನಮ್ಮವರ ತುಟಿ ಅಲುಗುತ್ತಿತ್ತು, ದನಿ ಮಾತ್ರ ಹೊರಡಲಿಲ್ಲ. ಆ ಬಿಗುಮಾನಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೀಗಿರುವಾಗ ಸುಲೋಚನ ನಲ್ಲಿಯ ಹತ್ತಿರ ಕಣ್ಣೊರೆಸಿಕೊಂಡು ಹೇಳಿದಳು: "ಅಕ್ಕಾ, ನಮ್ಮ ಪಾಲು ಮಾರೂದಂತ. ಬ್ಯಾರೆ ಊರಿಗೆ ಹೋಗೂದಂತ. ಈ ಭಾನುವಾರ ಅಳತಿ ಮಾಡಾಕ ಬರ್ತಾರ."

ನಮ್ಮವರಿಗೆ ಹೇಳಿದೆ. "ಹೋದರ ಹೋಗಲಿ, ಹೋಗವಲ್ನ್ಯಾಕ," ಎಂದರು. ಆ ವಾರ ಅವರು ಒಂದು ದಿನವೂ ನೆಟ್ಟಗೆ ಉಣ್ಣಲಿಲ್ಲ.

ಭಾನುವಾರ ಬಂತು. ಆಚೆಯಿಂದ ಪಾಯಣ್ಣ ಶುರು ಮಾಡಿದ. "ಮಾವಾ, ಬೀರು ಬಾಗಿಲು ತೆಗೀಲಾ?"

ಅಡ್ಡಾಡುತ್ತಿದ್ದ ನಮ್ಮವರು ಗಕ್ಕನೆ ನಿಂತರು. ಅಲ್ಲಿ ಹೇಳಬೇಕಾದ ಮಾತು, "ತಡಿಯೋ, ನಿನ್ನೆ ಇನ್ನೂ ಬಂದಿಲ್ಲ!" ನನಗೂ ಬಾಯಿಪಾಠ. ಇವರು ಇಟ್ಟಿಗೆಗೆ ಮುಖವಿಟ್ಟು ಕೂಗಿದ್ದೇ ಬೇರೆ.

"ನನ್ನ ಬಿಟ್ಟು ಹೋಗಬೇಡವೋ, ಮಂಕೇ!"

ಆ ಕಡೆಯಿಂದ ಪಾಯಣ್ಣ ಒಡೆದ ದನಿಯಲ್ಲಿ ಅಂದ: "ಅಣ್ಣಾ, ಅದು ಮೂರನೇದರಾಗ ಬರೂ ಮಾತು. ನಾವಿನ್ನೂ ಮೊದಲನೇದರಾಗ ಅದೀವಿ."

"ಗೊತ್ತೈತಿ. ಮೊದಲಿಂದ ಹೇಳು."

ಇಬ್ಬರೂ ಶುರುವಾದರು. ಗೋಡೆ ದಾಟಿಸಬೇಕಲ್ಲ, ಕೂಗಾಟ ಬೀದಿಗೆ ಕೇಳುತ್ತಿತ್ತು. ನಾನು ಬಾಗಿಲಿಗೆ ಬಂದು ನೋಡಿದರೆ, ಜಾಗ ಕೊಳ್ಳಲು ಅಳತೆಗೆ ಬಂದವನು ಕಟ್ಟೆಯ ಮೇಲೆಯೇ ನಿಂತುಬಿಟ್ಟಿದ್ದ.

"ಏನ್ರವ್ವಾ, ಅಣ್ಣತಮ್ಮರ ಜಗಳ ಇನ್ನೂ ಮುಗಿದಿಲ್ಲೇನು?"

"ಎಲ್ಲಿ ಮುಗೀತದರೀ," ಎಂದೆ. "ಈಗ ಶುರುವಾಗೇತಿ."

ತಂಟೆಯ ಜಾಗ ತನಗೆ ಬೇಡವೆಂದು ಆತ ಬಂದ ದಾರಿಯಲ್ಲೇ ಹೊರಟುಹೋದ. ನಾನು ಒಳಗೆ ಓಡಿದೆ. ನಮ್ಮವರು ಗೋಡೆಗೆ ಎರಡೂ ಅಂಗೈ ಊರಿ ನಿಂತಿದ್ದರು. ಅಳತೆಯವನು ಹೋದನೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಸುಮ್ಮನಿರು ಎಂದು ಕಣ್ಣಲ್ಲೇ ಗದರಿದರು. ಆ ಕಡೆ ಪಾಯಣ್ಣ ನಗುತ್ತಿದ್ದ. ಅವನ ನಗು ಮುಗಿಯಲೆಂದು ಇವರು ಕಾಯುತ್ತಿದ್ದರು.